ಸಭೆಯ ತೊಟ್ಟಿಯೂ ನನ್ನ ಹಿಮ್ಮಡಿಯೂ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಯಜಮಾನರ ಮುಖವನ್ನಲ್ಲ, ಬಚ್ಚಲಿನ ಹಂಡೆಯನ್ನು. ಕೈಕಾಲು ತೊಳೆಯುವ ನೆವದಿಂದ ಒಳಹೊಕ್ಕು, ನೀರು ಎಷ್ಟಿದೆಯೆಂದು ಇಣುಕಿ, ಸಾಲದೆಂಬಂತೆ ಬೆರಳದ್ದಿ, ಹಂಡೆಯ ಬುಡ ಎಲ್ಲಾದರೂ ಜಿನುಗುತ್ತಿದೆಯೇ ಎಂದು ಬಗ್ಗಿ ಪರೀಕ್ಷಿಸಿದ ಮೇಲೆಯೇ ಹೊರಗೆ ಬಂದು ಕುಶಲಪ್ರಶ್ನೆಗೆ ತೊಡಗುವುದು. ಒಮ್ಮೆ ಬೀಗರ ಮನೆಯಲ್ಲಿ ಹೀಗೆ ಬಗ್ಗಿ ನಿಂತಿದ್ದಾಗ ಅವರ ಮನೆಯ ಮುದುಕಿ ನನ್ನನ್ನು ಹಂಡೆಗಳ್ಳನೆಂದೇ ನಿಶ್ಚಯಿಸಿ ಕೂಗು ಹಾಕಿದ್ದಳು. ಆ ಸಂಬಂಧ ಮುರಿಯದೆ ಉಳಿದದ್ದು ನನ್ನ ಸೊಸೆಯ ಸದ್ಗುಣದಿಂದಲೇ ಹೊರತು ನನ್ನ ಸದ್ವರ್ತನೆಯಿಂದಲ್ಲ.

ಈ ದುರ್ಗುಣಕ್ಕೆ ಜೊತೆಗಾರನಾಗಿ ಇನ್ನೊಂದಿದೆ. ನಾನು ಕೂತಲ್ಲಿ ಕೂರಲಾರೆ. ಮದುವೆಯಿರಲಿ, ಭಾಷಣವಿರಲಿ, ಸಂತಾಪ ಸಭೆಯಿರಲಿ, ಬಾಗಿಲ ಬಳಿಯ ಜಾಗವನ್ನೇ ಹುಡುಕಿ ಹಿಡಿದು, ಕಾಲು ಗಳಿಗೆಗೊಮ್ಮೆ ಎದ್ದು ಹೊರಗೆ ಹೋಗಿ, ಏನನ್ನೋ ನೋಡಿಬಂದವನ ಗಾಂಭೀರ್ಯದಿಂದ ಮರಳಿ ಕೂರುತ್ತೇನೆ. ಹೊರಗೆ ನೋಡುವುದಕ್ಕೆ ಏನೂ ಇರುವುದಿಲ್ಲ. "ನಿಮಗ ಖುರ್ಚಿ ಕೊಡೂದು ದಂಡರಿ, ಒಂದು ಜೋಡು ಚಪ್ಪಲಿ ಕೊಟ್ರ ಸಾಕು" ಎಂದು ನನ್ನ ಹೆಂಡತಿ ನಾಲ್ಕು ಜನರ ಮುಂದೆಯೇ ಹೇಳುತ್ತಾಳೆ. ನಾಲ್ಕು ಜನರೂ ತಲೆಯಾಡಿಸುತ್ತಾರೆ.

ಈ ಎರಡು ದುರ್ಗುಣಗಳ ತವರುಮನೆ ಒಂದೇ. ಮೊನ್ನೆ ನಮ್ಮ ಕ್ರೈಸ್ತ ಸಭೆಯ ತರುಣರು ಬಂದು, "ಅಜ್ಜಾರ, ನಮ್ಮ ಸಭಾದ ಇತಿಹಾಸ ಬರದ ಕೊಡ್ರಿ" ಎಂದು ಕೇಳಿದಾಗಿನಿಂದ ಅದು ನನ್ನನ್ನು ಕಾಡುತ್ತಿದೆ. ನಾನು ಬಹುಕಾಲ ಆ ಸಭೆಯ ಕಾರ್ಯದರ್ಶಿಯಾಗಿದ್ದವನು. ಹಳೆಯ ನಡವಳಿ ಪುಸ್ತಕಗಳು ನನ್ನ ಟ್ರಂಕಿನಲ್ಲೇ ಇವೆ. ಇತಿಹಾಸ ಬರೆಯಲು ಆಸನಶುದ್ಧಿ ಬೇಕು, ಒಂದೆಡೆ ಕೂರುವ ತಪಸ್ಸು ಬೇಕು. ನಾನೋ ಎರಡು ಸಾಲಿಗೊಮ್ಮೆ ಎದ್ದು ಅಂಗಳದ ಬಕೆಟ್ಟು ನೋಡಿಬರುವವನು. ಆದ್ದರಿಂದ ಇದು ಇತಿಹಾಸವಾಗುವುದಿಲ್ಲ; ನೀವೂ ನನ್ನೊಡನೆ ನಡುನಡುವೆ ಎದ್ದು ಅಡ್ಡಾಡಬೇಕಾದೀತು.

ಗಡಹಿಂಗ್ಲಜದಿಂದ ನೇಸರಿಯ ದಾರಿ ಹಿಡಿದು ಹೋದರೆ, ಕಬ್ಬಿನ ಗದ್ದೆಗಳು ಮುಗಿದು ಹೊಳೆಯ ದಂಡೆ ಶುರುವಾಗುವಲ್ಲಿ ನಮ್ಮ ಕೇರಿ. ಇಪ್ಪತ್ತು ಮನೆ, ಒಂದು ಬೇವಿನ ಮರ, ಹಂಚಿನ ಮಾಡಿನ ಒಂದು ದೇವಾಲಯ. ನನ್ನ ಅಜ್ಜನ ಕಾಲದಲ್ಲಿ ಯಾರೋ ಪ್ರಚಾರಕರು ಬಂದು ಕಲಿಸಿದ ಬಾಪ್ಟಿಸ್ಟ್ ಮತವನ್ನು ನಮ್ಮವರು ಕಡುನಿಷ್ಠೆಯಿಂದ ಹಿಡಿದಿದ್ದರು. ಹಾಡು ಮರಾಠಿಯಲ್ಲಿ, ಪ್ರಾರ್ಥನೆ ಕನ್ನಡದಲ್ಲಿ. ದೇವರನ್ನು ಹೊಗಳುವಾಗ ಒಂದು ಭಾಷೆ, ದೇವರ ಹತ್ತಿರ ಅಳುವಾಗ ಇನ್ನೊಂದು. ನಮ್ಮಲ್ಲಿ ಬಿಷಪ್ಪರಿಲ್ಲ, ಮೇಲಧಿಕಾರಿಗಳಿಲ್ಲ. ಹಂಚು ಹೊದಿಸುವುದರಿಂದ ಹಿಡಿದು ಹಾಡಿನ ರಾಗದವರೆಗೆ ಪ್ರತಿಯೊಂದನ್ನೂ ಇಡೀ ಸಭೆ ಸೇರಿ ಕೈಯೆತ್ತಿ ತೀರ್ಮಾನಿಸಬೇಕು. ಊರಿನಲ್ಲಿ ಯಾರೂ ನಮ್ಮ ಅಭಿಪ್ರಾಯ ಕೇಳದಿದ್ದ ಆ ಮೂವತ್ತರ ದಶಕದಲ್ಲಿ, ಭಾನುವಾರ ಒಂದು ದಿನ ನಮ್ಮವರು ಮನಸಾರೆ ಅಭಿಪ್ರಾಯಪಡುತ್ತಿದ್ದರು.

ಮತದ ಇನ್ನೊಂದು ಕಟ್ಟಳೆ ನೀರಿನದು. ದೀಕ್ಷಾಸ್ನಾನವೆಂದರೆ ತಲೆಯ ಮೇಲೆ ಮೂರು ಹನಿ ಚಿಮುಕಿಸುವುದಲ್ಲ, ಪೂರ್ತಿ ಮುಳುಗಿ ಏಳುವುದು. ಅದೂ ತೊಟ್ಟಿಲ ಕೂಸುಗಳಲ್ಲ, ಬುದ್ಧಿ ಬಲಿತು ತಾನಾಗಿ ನಂಬಿದವರು. ಹೀಗೆ ಮುಳುಗದವರಿಗೆ ಪ್ರಭುಭೋಜನದಲ್ಲಿ ಪಾಲಿಲ್ಲ. ತಿಂಗಳಿಗೊಮ್ಮೆ ಮುರಿದು ಹಂಚುವ ರೊಟ್ಟಿಯ ತುಣುಕನ್ನೂ ಪಾತ್ರೆಯ ಗುಟುಕನ್ನೂ ಅವರು ಮುಟ್ಟುವಂತಿಲ್ಲ. ಈಗ ದೈವದ ವಿನೋದ ನೋಡಿ. ಆಳನೀರಿಲ್ಲದೆ ಮೋಕ್ಷಮಾರ್ಗವೇ ಇಲ್ಲವೆಂಬ ಮತವನ್ನು ಹಿಡಿದವರು, ಊರ ಬಾವಿಯ ಕಟ್ಟೆಯನ್ನೂ ಮುಟ್ಟುವಂತಿಲ್ಲದ ಕೇರಿಯವರು. ಬಾವಿ ಎಲ್ಲರದು ಎಂಬ ಕಾಯ್ದೆ ಕೊಲ್ಲಾಪುರದ ಅರಮನೆಯಿಂದ ಎಂದೋ ಹೊರಟಿತ್ತಂತೆ. ನಮ್ಮೂರ ಬಾವಿಯವರೆಗೆ ಇನ್ನೂ ಬಂದು ಮುಟ್ಟಿರಲಿಲ್ಲ. ಹೊಳೆಯಲ್ಲಿಯೂ ನಮಗೆ ಗೊತ್ತುಮಾಡಿದ ಜಾಗ ಬಟ್ಟೆ ಒಗೆಯುವವರಿಗಿಂತ ಕೆಳಗೆ, ಎಮ್ಮೆ ತೊಳೆಯುವವರಿಗಿಂತ ಇನ್ನೂ ಕೆಳಗೆ. ಅಲ್ಲಿ ನಮ್ಮವರು ಒಬ್ಬೊಬ್ಬರಾಗಿ ಮುಳುಗಿ ಪಾಪ ತೊಳೆದುಕೊಳ್ಳುವಾಗ, ಮೇಲಿನ ದಂಡೆಯಲ್ಲಿ ಊರಿನ ಜನ ಸಾಲಾಗಿ ನಿಂತು, ಒದ್ದೆ ಸೀರೆಯ ಹೆಣ್ಣುಮಕ್ಕಳನ್ನು ತೋರಿಸಿ ನಗುತ್ತಿದ್ದರು.

ಇನ್ನು ನನ್ನ ಅವ್ವನ ಮಾತು. ತಂಗೆವ್ವ ಅವಳ ಹೆಸರು. ನಾನು ತೊಟ್ಟಿಲಲ್ಲಿದ್ದಾಗಲೇ ನನ್ನ ಅಪ್ಪ ಹೊಳೆ ದಾಟುವಾಗ ಸೆಳವಿಗೆ ಸಿಕ್ಕಿ ಹೋದ. ಮೂರನೆಯ ದಿನ ಸಿಕ್ಕ. ಅಂದಿನಿಂದ ಅವ್ವ ಪಾದ ಮುಳುಗುವುದಕ್ಕಿಂತ ಹೆಚ್ಚಿನ ನೀರಿಗೆ ಇಳಿದವಳಲ್ಲ; ಅವಳ ದೀಕ್ಷಾಸ್ನಾನ ಆಗದೆಯೇ ಉಳಿಯಿತು. ದಂಡೆಯ ಮರಳಲ್ಲಿ ಒರತೆ ತೋಡಿ, ಬಟ್ಟಲಿಂದ ಮೊಗೆಮೊಗೆದು ಕೊಡ ತುಂಬುತ್ತಿದ್ದಳೇ ಹೊರತು ಹರಿವ ನೀರಿನ ಕಡೆ ಮುಖ ಮಾಡುತ್ತಿರಲಿಲ್ಲ. ಆದರೆ ಸಭೆಯಲ್ಲಿ ಅವಳಷ್ಟು ಗಟ್ಟಿಯಾಗಿ ನಂಬಿದವರು ಇನ್ನೊಬ್ಬರಿರಲಿಲ್ಲ. ಪ್ರಭುಭೋಜನದ ರೊಟ್ಟಿಯನ್ನು ಮಾಡುತ್ತಿದ್ದವಳೂ ಅವಳೇ. ತಿಂಗಳ ಮೊದಲ ಭಾನುವಾರ ನಸುಕಿನಲ್ಲಿ ಮಿಂದು, ಗೋದಿಹಿಟ್ಟು ನಾದಿ, ಹೊಸ ಬಟ್ಟೆಯಲ್ಲಿ ಸುತ್ತಿ, ಅದನ್ನು ಮೇಜಿನ ಮೇಲಿಟ್ಟು ಹಿಂದಿನ ಸಾಲಿನ ಗೋಡೆಗೆ ಒರಗಿ ಕೂರುತ್ತಿದ್ದಳು. ರೊಟ್ಟಿ ಮುರಿದು ತಟ್ಟೆಯಲ್ಲಿಟ್ಟು ಹಂಚುತ್ತ ಬಂದಾಗ ಅದು ಅವಳ ತಲೆಯ ಮೇಲಿಂದ ಮುಂದಿನವರಿಗೆ ದಾಟಿಹೋಗುತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ಬೇಯಿಸುವಾಗ ಕೂಡ ಒಂದು ಚೂರನ್ನು ಬಾಯಿಗಿಟ್ಟು ನೋಡಿದವಳಲ್ಲ.

ಆ ರೊಟ್ಟಿ ತೀರ ಸಪ್ಪೆ. ಅದು ಶಾಸ್ತ್ರದ ಸಪ್ಪೆಯೆಂದೇ ನಾವೆಲ್ಲ ಭಾವಿಸಿ, ಭಕ್ತಿಯಿಂದ ನುಂಗುತ್ತಿದ್ದೆವು.

ನನ್ನ ಚಡಪಡಿಕೆ ಶುರುವಾದದ್ದು ಇಲ್ಲಿಂದ. ಇಪ್ಪತ್ತರ ವಯಸ್ಸಿನಲ್ಲಿ ನಾನು ಎಮ್ಮೆಗಳ ಕೆಳಗಿನ ನೀರಿನಲ್ಲಿ ಮುಳುಗಿ ಎದ್ದು ಸದಸ್ಯನಾದೆ. ಮಿಶನ್ ಶಾಲೆಯ ಮಾಸ್ತರಿಕೆ ಸಿಕ್ಕಿತ್ತಾದ್ದರಿಂದ ಕಾರ್ಯದರ್ಶಿಯೂ ಆದೆ. ಮುಂದಿನ ಸಾಲಿನಲ್ಲಿ ಕೂತು ಮೊದಲ ಸಲ ಆ ತುಣುಕನ್ನು ಬಾಯಿಗಿಟ್ಟಾಗ, ಹಿಂದಿನ ಸಾಲಿನಲ್ಲಿ ಅದನ್ನು ಬೇಯಿಸಿದವಳು ಬರಿಗೈಯಲ್ಲಿ ಕೂತಿದ್ದಾಳೆಂಬುದು ಬೆನ್ನಿಗೆ ಚುಚ್ಚಿತು. ಆಮೇಲಿನ ಒಂಬತ್ತು ವರ್ಷ, ತಟ್ಟೆ ಹಿಂದಿನ ಸಾಲಿಗೆ ಹೋಗುವ ಹೊತ್ತಿಗೆ ಸರಿಯಾಗಿ ನಾನು ಎದ್ದು ಹೊರಗೆ ಬರುತ್ತಿದ್ದೆ. ಕೆಮ್ಮೆಂದೆ, ಕುದುರೆಗಾಡಿ ಬಂತೇನೋ ಎಂದೆ, ಶಾಲೆಯ ಕೀಲಿ ಮರೆತೆನೆಂದೆ. ನಿಜವಾಗಿ ನನಗೆ ಅದನ್ನು ನೋಡುತ್ತ ಕೂರುವ ಎದೆಯಿರಲಿಲ್ಲ.

ಕೊಲ್ಲಾಪುರದ ಕಡೆ ಇನ್ನೊಂದು ಪಂಗಡದವರಿದ್ದರು. ಅವರದು ಮೂರು ಹನಿಯ ಮಾರ್ಗ. ಅಲ್ಲಿಗೆ ಹೋಗಿ ಚಿಮುಕಿಸಿಕೊಂಡು ಬಂದರಾಯಿತಲ್ಲವೇ ಎಂದು ನಾನೊಮ್ಮೆ ಅವ್ವನನ್ನು ಕೇಳಿ ಬೈಸಿಕೊಂಡೆ. "ನಮ್ಮ ಮಂದಿ ಹೆಂಗ ಮುಳಗ್ಯಾರ, ನಾನೂ ಹಂಗ ಮುಳಗತೇನಿ. ಅಂಜಿಕಿ ಒಂದ ಹೋಗಲಿ ಮೊದಲ. ಹೋಗಲಿಲ್ಲಂದ್ರ ಹಿಂಗ ಕುಂಡರತೇನಿ" ಎಂದಳು. ಅವಳ ಕೂದಲು ಅಷ್ಟರಲ್ಲಾಗಲೇ ಅರ್ಧ ಬೆಳ್ಳಗಾಗಿತ್ತು.

ಹಾಗಾಗಿ ದೇವಾಲಯದ ಒಳಗೇ ಒಂದು ತೊಟ್ಟಿ ಕಟ್ಟಬೇಕೆಂಬ ಠರಾವನ್ನು ನಾನೇ ಮುಂದಿಟ್ಟೆ. ಹೆಣ್ಣುಮಕ್ಕಳ ಮಾನದ ಪ್ರಶ್ನೆ ಎಂದು ದೊಡ್ಡ ಭಾಷಣ ಮಾಡಿದೆ. ಅದು ನಿಜವೂ ಹೌದು. ನನ್ನ ಮನಸ್ಸಿನಲ್ಲಿದ್ದದ್ದು ಮಾತ್ರ ಒಬ್ಬಳೇ ಹೆಣ್ಣುಮಗಳು, ಮತ್ತು ಹರಿಯದ ನೀರು. ಕಟ್ಟಬೇಕೆಂದು ಎಲ್ಲರೂ ಒಂದೇ ಸಲ ಕೈಯೆತ್ತಿದರು. ಎಷ್ಟು ಆಳ ಎಂಬುದಕ್ಕೆ ಒಂದು ವರ್ಷ ಹಿಡಿಯಿತು. ಸಭೆಯ ಹಿರಿಯ ದಾವೀದಪ್ಪ, ಆರಡಿ ಎತ್ತರದ, ನಗುವನ್ನು ಹಬ್ಬದ ಬಟ್ಟೆಯ ಹಾಗೆ ಎತ್ತಿಟ್ಟಿದ್ದ ಮನುಷ್ಯ, "ಕೂದಲ ಸೈತ ತೋಯಬೇಕು. ಒಂದ ಎಳಿ ಮ್ಯಾಲ ಉಳೀತಂದ್ರೂ ಅದು ಸ್ನಾನ ಅಲ್ಲ" ಎಂದು ಮಂಡಿಸಿದ. ಅವ್ವ ಹಿಂದಿನ ಸಾಲಿನಿಂದ, "ಎದಿಮಟ್ಟಕ್ಕಿಂತ ಹೆಚ್ಚ ಬ್ಯಾಡಪ್ಪಾ" ಎಂದಳು. ಯಾರ ಎದೆಯೆಂಬುದು ಮುಂದಿನ ಪ್ರಶ್ನೆಯಾಯಿತು. ದಾವೀದಪ್ಪನ ಎದೆಮಟ್ಟಕ್ಕೆ ನೀರು ನಿಂತರೆ ಅವ್ವ ಕಾಣುವಂತೆಯೇ ಇರಲಿಲ್ಲ. ಕೊನೆಗೆ ಎಲ್ಲರನ್ನೂ ಗೋಡೆಗೆ ನಿಲ್ಲಿಸಿ ಇದ್ದಿಲಿನಿಂದ ಗೆರೆ ಎಳೆದು, ನಡುವಿನ ಒಂದು ಗೆರೆಗೆ ಕೈಯೆತ್ತಿದರು. ಆ ಗೆರೆಗಳು ಎಷ್ಟೋ ವರ್ಷ ಗೋಡೆಯ ಮೇಲಿದ್ದವು.

ಕಟ್ಟಿದವನು ಗಡಹಿಂಗ್ಲಜದ ಒಬ್ಬ ಗವಂಡಿ. ಗಾಣಗಳಲ್ಲಿ ಕಬ್ಬಿನ ಹಾಲು ಹಿಡಿಯುವ ತೊಟ್ಟಿಗಳನ್ನು ಕಟ್ಟಿ ಹೆಸರಾದವನು. ಅಂಥ ತೊಟ್ಟಿಗೆ ಬುಡದಲ್ಲಿ ತೂತಿರುತ್ತದೆ. ಹಾಲು ಹರಿದು ಕಡಾಯಿಗೆ ಹೋಗಬೇಕಲ್ಲ! ನಮ್ಮ ತೊಟ್ಟಿಗೂ ಆತ ಅಭ್ಯಾಸಬಲದಿಂದ ಅಂಥದೇ ಒಂದು ತೂತನ್ನು ಹಿಂದಿನ ಗೋಡೆಯ ಆಚೆಗೆ ಬಿಟ್ಟು, ಕಟ್ಟಿಗೆಯ ಬಿರಡೆಯೊಂದನ್ನು ಜಡಿದು ಹೋದ. ಮುಚ್ಚಿಸಬೇಕೆಂದು ನಾನು ಹೇಳಿದೆ. ಹೆಣ್ಣುಮಕ್ಕಳು ಒಕ್ಕೊರಲಿನಿಂದ ವಿರೋಧಿಸಿದರು: ಸ್ನಾನ ಮುಗಿದ ಮೇಲೆ ಅಷ್ಟೊಂದು ನೀರನ್ನು ಸುಮ್ಮನೆ ಬಿಡುವುದೇ? ಆಚೆಗೆ ಕೊಡ ಹಿಡಿದರೆ ಒಂದು ವಾರದ ಬಟ್ಟೆ ಒಗೆಯಬಹುದು. ಕೈಯೆತ್ತಿಸಿದರು, ತೂತು ಗೆದ್ದಿತು.

ಎರಡನೆಯ ಮಹಾಯುದ್ಧ ಇನ್ನೂ ಮುಗಿಯದಿದ್ದ ಒಂದು ಬೇಸಗೆಯ ಭಾನುವಾರ ಅವ್ವನ ದೀಕ್ಷಾಸ್ನಾನ ಗೊತ್ತಾಯಿತು. ಹೊಳೆಯ ಆಚೆ ಮಗ್ಗಲಿನ ಜೈನ ರೈತ ಪಾಯಪ್ಪಣ್ಣ ತನ್ನ ಗದ್ದೆಯ ಕಾಲುವೆಯಿಂದ ನೀರು ತುಂಬಿಕೊಳ್ಳಲು ಒಪ್ಪಿದ. ಬಾವಿಯಿಂದಲ್ಲ, ಕಾಲುವೆಯ ಕೊನೆಯಿಂದ. ಶನಿವಾರವಿಡೀ ಇಪ್ಪತ್ತು ಮನೆಯವರು ಬೇಸಗೆಗೆ ಬತ್ತಿದ ಹೊಳೆ ದಾಟಿ ಕೊಡ ಹೊತ್ತರು. ಸಂಜೆಗೆ ನೀರು ತೊಟ್ಟಿಯೊಳಗೂ ಎಳೆದಿದ್ದ ಆ ಇದ್ದಿಲಿನ ಗೆರೆಗೆ ನಿಂತಿತು. ಅವ್ವ ಬಂದು, ಬಾಗಿಲಲ್ಲೇ ನಿಂತು, ದೂರದಿಂದ ನೋಡಿ, ಮನೆಗೆ ತಿರುಗಿ ಹೋದಳು.

ಬೆಳಿಗ್ಗೆ ಎಲ್ಲ ಸಿದ್ಧವಾಗಿತ್ತು: ಅವ್ವ ಬಿಳಿ ಸೀರೆಯುಟ್ಟಿದ್ದಳು, ಅವಳೇ ಮಾಡಿದ ರೊಟ್ಟಿ ಮೇಜಿನ ಮೇಲಿತ್ತು, ದ್ರಾಕ್ಷಾರಸಕ್ಕೆ ಒಣದ್ರಾಕ್ಷಿ ಸಿಗದ ಆ ದಿನಗಳಲ್ಲಿ ಪಾತ್ರೆಯಲ್ಲಿ ಬೆಲ್ಲದ ಪಾನಕವಿತ್ತು. ಇಲ್ಲದ್ದು ಪಾಳಕರು, ಎಂದರೆ ಪಾದ್ರಿಗಳು. ನಮ್ಮದು ಸ್ವಂತ ಪಾಳಕರಿಲ್ಲದ ಬಡ ಸಭೆ. ದೀಕ್ಷೆ ಕೊಡಲು ಮಗ್ಗಗಳ ಊರಾದ ಇಚಲಕರಂಜಿಯಿಂದ ಬರಬೇಕು. ಅವರು ಹತ್ತಿದ ಮೋಟಾರು ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಿಂದ ಓಡುವಂಥದು. ಏರು ಬಂದಲ್ಲೆಲ್ಲ ಪ್ರಯಾಣಿಕರು ಇಳಿದು ತಳ್ಳಬೇಕು. ಅಂತೂ ಎರಡು ತಾಸು ತಡವಾಗಿ, ಮುಖಕ್ಕೆ ಮಸಿ ಬಳಿದುಕೊಂಡು ಬಂದರು. ಬಂದವರೇ ಉಪದೇಶಕ್ಕೆ ನಿಂತರು. ಮಗ್ಗಗಳ ಸದ್ದಿನ ಮೇಲೆ ಉಪದೇಶ ಮಾಡಿ ಪಳಗಿದ ಕಂಠ ಅದು. ತಾನಾಗಿ ನಿಲ್ಲುವ ಕಂಠವಲ್ಲ.

ನಾನು ಎದ್ದು ಹೋಗಿ ತೊಟ್ಟಿ ನೋಡಿದೆ. ನೀರು ಗೆರೆಯಿಂದ ಒಂದು ಗೇಣು ಇಳಿದಿತ್ತು. ಕಣ್ಣಿನ ಭ್ರಮೆಯೆಂದು ಕೂತೆ. ಮತ್ತೆ ಎದ್ದೆ, ಎರಡು ಗೇಣು. ಮೂರನೆಯ ಸಲ ಎದ್ದಾಗ ಪಾಳಕರು ಉಪದೇಶ ನಿಲ್ಲಿಸಿ, ನನ್ನನ್ನು ನೋಡಿ, ದೇವರ ವಾಕ್ಯ ಕೇಳುವಾಗ ಕೆಲವರಿಗೆ ಆಸನದಲ್ಲಿ ಮುಳ್ಳೇಳುವುದೇಕೆಂದು ಕೇಳಿ, ಅದು ಸೈತಾನನ ಕೆಲಸವೆಂದು ತಾವೇ ಉತ್ತರಿಸಿ, ಚಂಚಲಚಿತ್ತದ ಮೇಲೆ ಇನ್ನೊಂದು ಅರ್ಧ ತಾಸಿನ ಪ್ರಕರಣವನ್ನು ಹೊಸದಾಗಿ ಆರಂಭಿಸಿದರು. ನನ್ನ ಚಂಚಲತೆ ಹೆಚ್ಚಿದಷ್ಟೂ ಅವರ ಉಪದೇಶ ಬೆಳೆಯಿತು. ಉಪದೇಶ ಬೆಳೆದಷ್ಟೂ ನೀರು ಇಳಿಯಿತು. ಕೊನೆಗೆ ಮಾನ ಬಿಟ್ಟು ಹೊರಗೆ ಓಡಿ ಹಿಂದಿನ ಗೋಡೆಗೆ ಹೋಗಿ ನೋಡಿದರೆ, ಬಿಸಿಲಿಗೆ ಒಣಗಿ ಸಣ್ಣಗಾಗಿದ್ದ ಬಿರಡೆಯ ಸುತ್ತ ನೀರು ಹರಿಯುತ್ತಿತ್ತು. ಕಲ್ಲಿನಿಂದ ಜಡಿದೆ. ಬಿರಡೆ ಎರಡು ಹೋಳಾಗಿ ನನ್ನ ಕೈಗೇ ಬಂತು.

ಏನು ಮಾಡಲಿ? ಹೆಗಲ ಮೇಲಿನ ಶಲ್ಯವನ್ನು ಉಂಡೆ ಮಾಡಿ ತೂತಿಗೆ ತುರುಕಿ, ಕೆಸರಿನಲ್ಲಿ ಕೂತು, ಹಿಮ್ಮಡಿಯಿಂದ ಅದನ್ನು ಒತ್ತಿ ಹಿಡಿದೆ. ಮೈಮೇಲೆ ಆ ದಿನಕ್ಕೆಂದೇ ಹೊಲಿಸಿದ ಕೋಟು. ಕಾಲು ಸಡಿಲಿಸಿದರೆ ನೀರು ಚಿಮ್ಮುತ್ತದೆ. ಕೂಗಿದರೆ ಆ ಕಂಠದ ಮುಂದೆ ಯಾರಿಗೂ ಕೇಳುವುದಿಲ್ಲ. ನಾನು ಕೂಗಿದೆ, ಆದರೂ.

ಕೇಳಿಸಿದ್ದು ರಾಹೆಲವ್ವನೊಬ್ಬಳಿಗೆ. ಕಿಟಕಿಯ ಬಳಿ ಕೂರುತ್ತಿದ್ದ, ಯಾರಿಗೂ ಹೆದರದ ವಿಧವೆ. ಹೊರಗೆ ಇಣುಕಿ ನನ್ನನ್ನೂ ನನ್ನ ಕಾಲನ್ನೂ ನೋಡಿದಳು. ಒಳಗೆ ತಿರುಗಿ ಅವಳು ಹೇಳಿದ ಮಾತು ಗೋಡೆಯಾಚೆಗೂ ಸ್ಪಷ್ಟವಾಗಿ ಕೇಳಿತು: "ಸಾಹೇಬ್ರ, ಉಪದೇಶ ಆಮ್ಯಾಲ ಮುಗಸ್ರಿ. ನೀರ ಮುಗಿಯಾಕತ್ತೈತಿ."

ನಮ್ಮ ಸಭೆಯ ಚರಿತ್ರೆಯಲ್ಲಿ ಉಪದೇಶವೊಂದು ನಡುವೆ ನಿಂತದ್ದು ಅದೊಂದೇ ಸಲ. ಆಮೇಲಿನದನ್ನು ನಾನು ನೋಡಲಿಲ್ಲ, ಗೋಡೆಗೆ ಕಿವಿಯಿಟ್ಟು ಕೇಳಿದೆ. ತೊಟ್ಟಿಯಲ್ಲಿ ಮೊಣಕಾಲಿನಷ್ಟು ನೀರು ಉಳಿದಿತ್ತಂತೆ. ಇಷ್ಟರಲ್ಲಿ ಸ್ನಾನವಾಗದು, ಇನ್ನೊಂದು ತಿಂಗಳು ನೋಡೋಣ ಎಂದು ಪಾಳಕರು ಹೇಳುತ್ತಿದ್ದರು. ಇನ್ನೊಮ್ಮೆ ಅವ್ವ ಈ ಧೈರ್ಯ ಮಾಡಲಾರಳೆಂದು ನನಗೆ ಗೊತ್ತಿತ್ತು. ಆಗ ಅವ್ವನ ದನಿ ಕೇಳಿತು. "ನಾ ಇಳೀತೇನ್ರಿ. ಮೊಣಕಾಲಮಟ ಇದ್ರ ನನಗ ಅಂಜಿಕಿಲ್ಲ. ನೀವು ಮ್ಯಾಲಿಂದ ತುಂಬ್ರಿ." ಮೆಟ್ಟಿಲಿಳಿದು ಆ ಮೊಣಕಾಲುನೀರಿನಲ್ಲಿ ಕೂತೇಬಿಟ್ಟಳಂತೆ.

ಹೆಣ್ಣುಮಕ್ಕಳೆಲ್ಲ ಎದ್ದು ಓಡಿದರು. ಕಾಲುವೆ ದೂರ, ಹತ್ತಿರವಿದ್ದದ್ದು ಅವರವರ ಮನೆಯ ಕುಡಿಯುವ ನೀರು, ನಸುಕಿನಲ್ಲಿ ಒರತೆಯಿಂದ ಬಟ್ಟಲು ಬಟ್ಟಲಾಗಿ ಮೊಗೆದು ತಂದಿಟ್ಟದ್ದು. ಅದನ್ನೇ ತಂದು ಸುರಿದರು. ಪ್ರತಿ ಕೊಡ ಬಿದ್ದಾಗಲೂ ಅವ್ವ ಯಾರದೆಂದು ಕೇಳುತ್ತಿದ್ದಳು. "ಇದು ಯಾರ ನೀರವ್ವಾ?" "ನಂದು, ರಾಹೆಲವ್ವಂದು." "ಇದು?" "ನಮ್ಮ ಮನೀದು, ತಂಗೆವ್ವಾ." ಸೊಂಟಕ್ಕೆ ಬಂತು, ಎದೆಗೆ ಬಂತು, ಕೂತವಳ ಗದ್ದಕ್ಕೆ ಬಂತು, ಹೆಸರುಗಳು ಮುಗಿಯಲಿಲ್ಲ. ಅಪ್ಪನನ್ನು ಒಯ್ದ ನೀರು ಒಮ್ಮೆಲೇ ಬಂದದ್ದು, ಯಾರದೂ ಅಲ್ಲದ್ದು. ಈ ನೀರು ಒಂದೊಂದೇ ಕೊಡವಾಗಿ, ಗೊತ್ತಿದ್ದವರ ಕೈಯಿಂದ ಬಂತು. ನನ್ನ ಹಿಮ್ಮಡಿಯ ಮೇಲೆ ಅದರ ಭಾರ ಏರುತ್ತಿದ್ದದ್ದು ನನಗೆ ಚೆನ್ನಾಗಿ ತಿಳಿಯುತ್ತಿತ್ತು. ಆಮೇಲೆ ಪಾಳಕರು ದೀಕ್ಷೆಯ ಮಾತು ಹೇಳಿದ್ದು ಕೇಳಿತು. ನೀರು ಒಮ್ಮೆ ಜೋರಾಗಿ ತುಳುಕಿತು. ದಾವೀದಪ್ಪನ ದನಿ: "ತೋಯ್ದಾವ. ಎಲ್ಲಾ ತೋಯ್ದಾವ." ಹಾಡು ಶುರುವಾಯಿತು. ನಾನು ಕೆಸರಿನಲ್ಲಿ ಕೂತು ಮಗುವಿನ ಹಾಗೆ ಅತ್ತೆ. ಕಾಲು ಮಾತ್ರ ತೆಗೆಯಲಿಲ್ಲ. ಹಾಡಿನ ಗದ್ದಲದಲ್ಲಿ ಯಾರಿಗೂ ನನ್ನ ನೆನಪಾಗಲಿಲ್ಲ.

ಆ ದಿನದ ನಡವಳಿಯನ್ನು ಬರೆಯಬೇಕಾದ ಕಾರ್ಯದರ್ಶಿ ಇಲ್ಲದ್ದರಿಂದ ದಾವೀದಪ್ಪನೇ ತನ್ನ ದಪ್ಪ ಅಕ್ಷರಗಳಲ್ಲಿ ಬರೆದಿದ್ದಾನೆ. ಪುಸ್ತಕ ಈಗ ನನ್ನ ಮುಂದೆ ಇದೆ: "ತಂಗೆವ್ವನ ಸ್ನಾನ ಆತು. ಕೂದಲ ಸೈತ ತೋಯ್ದಾವ. ಕಾರ್ಯದರ್ಶಿ ಗೈರಹಾಜರ." ಒಂಬತ್ತು ವರ್ಷ ಎದ್ದೆದ್ದು ಹೋದವನು ಜೀವಮಾನದಲ್ಲಿ ಒಂದೇ ಒಂದು ದಿನ ಕೂತಲ್ಲಿಂದ ಕದಲಲಿಲ್ಲ, ಅದೇ ದಿನ ಗೈರುಹಾಜರಿ ಬಿದ್ದಿತು. ತಿದ್ದಿಸಬೇಕೆಂದು ನನಗೆ ಎಂದೂ ಅನ್ನಿಸಲಿಲ್ಲ.

ಏಕೆಂದರೆ ಅಂದು ಎಲ್ಲ ಮುಗಿದ ಮೇಲೆ ಗೋಡೆಯ ಮೂಲೆಯಲ್ಲಿ ಅವ್ವ ಕಾಣಿಸಿದಳು. ಒಣ ಸೀರೆ ಉಟ್ಟಿದ್ದಳು, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈಯಲ್ಲಿ ರೊಟ್ಟಿಯ ತುಣುಕಿನ ಅರ್ಧವಿತ್ತು. ಇನ್ನರ್ಧ ಅವಳ ಬಾಯಲ್ಲಿತ್ತು. ಸಭೆಯ ರೊಟ್ಟಿಯನ್ನು ಹೊರಗೆ ತರುವಂತಿಲ್ಲ. ಅವಳ ಹಿಂದೆಯೇ ಬಂದ ದಾವೀದಪ್ಪ ಅದನ್ನು ಕಂಡನು, ಕಂಡು ಬೇವಿನ ಮರದ ಕಡೆ ನೋಡುತ್ತ ನಿಂತನು. ಅವ್ವ ನನ್ನ ಪಕ್ಕ ಕೆಸರಿನಲ್ಲೇ ಕುಕ್ಕರಗಾಲಲ್ಲಿ ಕೂತು, ಆ ಅರ್ಧವನ್ನು ನನ್ನ ಬಾಯಿಗಿಟ್ಟಳು. ತನ್ನ ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದಳು. ಅವಳ ಮುಖ ಸಣ್ಣಗಾಯಿತು.

"ಉಪ್ಪ ಇಲ್ಲಲ್ಲೋ ಇದಕ್ಕ!" ಎಂದಳು. "ಇಷ್ಟ ವರ್ಷ ತಿಂದ್ರಿ, ಒಬ್ಬರರ ಹೇಳಬಾರ್ದೇನೋ?"

ಅವಳ ತಲೆಯ ಮೇಲಿಂದ ತಟ್ಟೆ ದಾಟಿಸಿದ ನಾವ್ಯಾರೂ, ಅವಳ ಕೈಯಡುಗೆಯ ರುಚಿಯನ್ನು ಅವಳಿಗೆ ತಿಳಿಸಬೇಕೆಂದು ಎಣಿಸಿಯೇ ಇರಲಿಲ್ಲ. ಮುಂದಿನ ತಿಂಗಳ ರೊಟ್ಟಿಗೆ ಉಪ್ಪು ಹದವಾಗಿ ಬಿದ್ದಿತ್ತು. ಅವ್ವ ಮುಂದಿನ ಸಾಲಿನಲ್ಲಿದ್ದಳು.

ಈಗಲೂ ಯಾರ ಮನೆಗೆ ಹೋದರೂ ನಾನು ಮೊದಲು ಹಂಡೆ ನೋಡುತ್ತೇನೆ. ಬುಡದಲ್ಲಿ ಜಿನುಗು ಕಂಡರೆ ನನ್ನ ಹಿಮ್ಮಡಿ ತಾನಾಗಿ ನೆಲವನ್ನು ಒತ್ತುತ್ತದೆ. ಆಮೇಲೆ ಹೊರಗೆ ಬಂದು ಊಟಕ್ಕೆ ಕೂರುತ್ತೇನೆ, ಬಾಗಿಲ ಬಳಿಯೇ. ಆದರೆ ಅಡುಗೆ ಮಾಡಿದ ಹೆಣ್ಣುಮಗಳು ತಾನೂ ಕೂತು ಉಣ್ಣುವ ತನಕ ಅಲ್ಲಿಂದ ಏಳುವುದಿಲ್ಲ. ಉಪ್ಪು ಕಡಿಮೆಯಾಗಿದ್ದರೆ ಹೇಳಿಯೇಬಿಡುತ್ತೇನೆ. ಬೀಗರ ಮನೆಯ ಮುದುಕಿಗೆ ಇದರಿಂದ ನನ್ನ ಮೇಲಿನ ಅಭಿಪ್ರಾಯ ಇನ್ನಷ್ಟು ಕೆಟ್ಟಿದೆಯೆಂದು ಕೇಳಿದ್ದೇನೆ.